ಮಳೆಗಾಲಕ್ಕೆ ಮೊದಲು ಅಂಗಳದ ಆರೈಕೆ

ಬಣಕಲ್, ಕೊಟ್ಟಿಗೆಹಾರದ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸರಿಯಾಗಿ ಬಿಡುವು ಕೊಡುವುದಿಲ್ಲ. ಅಂಗಳ, ಮೆಟ್ಟಿಲು, ಕೊಟ್ಟಿಗೆಯ ಹಾದಿ ಒಣಗುವುದೇ ಇಲ್ಲ. ಬಿಸಿಲು ಬೀಳದ ಕಡೆ ಪಾಚಿ ಕಟ್ಟುತ್ತದೆ. ಮನೆಯ ಹಿರಿಯರು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವ ಜಾಗ ಅದು.

ಕಾಲಿಗೆ ಹಿಡಿತ ಕೊಡುವುದು ನೆಲದ ಒರಟು. ಸಿಮೆಂಟಿನ ಗೀರುಗಳಲ್ಲಿ, ಚಪ್ಪಡಿ ಕಲ್ಲಿನ ಉಳಿಯೇಟಿನ ಗುಳಿಗಳಲ್ಲಿ ಪಾಚಿ ತುಂಬಿದರೆ ಆ ಹಿಡಿತ ಹೋಯಿತು. ಹಾಗೆಂದು ಆ್ಯಸಿಡ್ ಸುರಿಯಬೇಡಿ. ಅದು ಸಿಮೆಂಟನ್ನೇ ತಿನ್ನುತ್ತದೆ, ಮರಳು ಕಿತ್ತು ಬರುತ್ತದೆ, ಹೊಂಡಗಳಲ್ಲಿ ನೀರು ನಿಂತು ಮತ್ತೆ ಪಾಚಿ. ಹಳೆಯ ಗಾರೆಗೆ ಪ್ರೆಷರ್ ವಾಷರ್ ಹತ್ತಿರ ಹಿಡಿದರೂ ಇದೇ ಗತಿ.

ಮೇ ತಿಂಗಳಲ್ಲಿ ಮಳೆ ಇಲ್ಲದ ಒಂದು ದಿನ ನೋಡಿಕೊಂಡು ಶುರು ಮಾಡಿ. ತರಗೆಲೆ, ಮಣ್ಣು ಗುಡಿಸಿ, ನೀರು ಚಿಮುಕಿಸಿ, ತೆಂಗಿನ ಕಡ್ಡಿಯ ಮೋಟು ಪೊರಕೆಯಿಂದ ಗೀರಿನ ಉದ್ದಕ್ಕೇ ಉಜ್ಜಿ. ಅಡ್ಡಕ್ಕೆ ಉಜ್ಜಿದರೆ ಪಾಚಿ ಗೀರಿನೊಳಗೇ ಉಳಿಯುತ್ತದೆ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಉಳಿದ ಹಸಿರಿಗೆ 10 ಲೀಟರ್ ನೀರಿಗೆ 200ರಿಂದ 300 ಗ್ರಾಂ ಬ್ಲೀಚಿಂಗ್ ಪೌಡರ್. ಕೈಗವಸು ಹಾಕಿಕೊಂಡು, ಮೊದಲು ಸ್ವಲ್ಪ ನೀರಲ್ಲಿ ಕಲಸಿ, ಆಮೇಲೆ ಪೂರ್ತಿ ಬೆರೆಸಿ ಹರಡಿ. ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಉಜ್ಜಿ ತೊಳೆಯಿರಿ. ಇದರ ಜೊತೆಗೆ ಆ್ಯಸಿಡ್ಡಾಗಲಿ, ಕಕ್ಕಸು ತೊಳೆಯುವ ದ್ರಾವಣವಾಗಲಿ ಖಂಡಿತ ಸೇರಿಸಬೇಡಿ. ಏಳುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ವಿಷ. ತೊಳೆದ ನೀರು ಬಾವಿ, ಕೆರೆ, ಕಾಫಿ ಗಿಡದ ಬುಡದತ್ತ ಹರಿಯದಂತೆಯೂ ನೋಡಿಕೊಳ್ಳಿ.

ಮೂಲ ಕಾರಣ ಬಿಟ್ಟರೆ ಜುಲೈನಲ್ಲಿ ಮತ್ತೆ ಅದೇ ಕೆಲಸ. ಸೂರಿನ ನೀರು ಅಂಗಳಕ್ಕೆ ಬೀಳದಂತೆ ದಂಬೆ ಕಟ್ಟಿಸಿ, ಬಾಗಿದ ಕೊಂಬೆ ಕಡಿಸಿ ಬೆಳಕು ಬಿಡಿ.

ಗಾರೆ ಹೊಸದಾಗಿ ಹಾಕಿಸುವವರು 10 ಅಡಿಗೆ 2 ಇಂಚಿನಷ್ಟು ಇಳಿಜಾರು ಕೊಡಿಸಿ. ಮೇಲ್ಮೈಯನ್ನು ಕರಣೆಯಿಂದ ನುಣ್ಣಗೆ ತೀಡಲು ಬಿಡಬೇಡಿ. ಗಾರೆ ಬಿಗಿಯುತ್ತಿರುವಾಗಲೇ, ನಡೆಯುವ ದಿಕ್ಕಿಗೆ ಅಡ್ಡಲಾಗಿ ಪೊರಕೆ ಎಳೆಸಿ, ಕನಿಷ್ಠ ಏಳು ದಿನ ನೀರುಣಿಸಿ. ನುಣುಪಾಗಿ ಸವೆದ ಚಪ್ಪಡಿಗೆ ಕಲ್ಲುಕುಟಿಗರಿಂದ ಮತ್ತೆ ಉಳಿ ಹೊಡೆಸಬಹುದು. ಮೆಟ್ಟಿಲಿಗೆ ಬಣ್ಣ ಬೇಕೇ ಬೇಕೆಂದರೆ ಹಸಿ ಬಣ್ಣದ ಮೇಲೆ ಜರಡಿ ಹಿಡಿದ ಒಣ ಮರಳು ಉದುರಿಸಿ, ಒಣಗಿದ ಮೇಲೆ ಇನ್ನೊಂದು ಕೋಟ್ ಕೊಡಿ. ದೋಣಿಗಳ ಡೆಕ್ಕಿಗೆ ಮಾಡುವ ಹಳೆಯ ಉಪಾಯವಿದು, ನಮ್ಮ ಮಳೆಗೂ ಚೆನ್ನಾಗಿ ಹೊಂದುತ್ತದೆ.

ಕಾಫಿ ಕಣದ ಲೆಕ್ಕ ಬೇರೆ. ಕೊಯ್ಲಿಗೆ ಮುಂಚೆ ಅಲ್ಲಿ ಬ್ಲೀಚಿಂಗ್ ಪೌಡರ್ ಬೇಡ, ಕಾಫಿ ಬೀಜ ವಾಸನೆ ಬೇಗ ಹೀರುತ್ತದೆ. ಬರೀ ನೀರು, ಪೊರಕೆ, ಆಮೇಲೆ ನಾಲ್ಕಾರು ದಿನದ ಒಳ್ಳೆಯ ಬಿಸಿಲು ಸಾಕು.