ಮೌನ ಹಿಡಿದ ಹಾಡುಪೆಟ್ಟಿಗೆ

ಹಿರೇಹಡಗಲಿಯ ಹೆಸರು ಶಾಸನಗಳ ಅಭ್ಯಾಸಿಗಳಿಗೆ ಹೊಸದಲ್ಲ. ಹೂವಿನಹಡಗಲಿ ತಾಲ್ಲೂಕಿಗೆ ಸೇರಿದ ಈ ಊರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಸೊಗಸಾದ ಶಿವಾಲಯವೊಂದಿದೆ. ಪಲ್ಲವ ದೊರೆ ಶಿವಸ್ಕಂದವರ್ಮನ ಪ್ರಾಕೃತ ಭಾಷೆಯ ತಾಮ್ರಪಟಗಳು ದೊರೆತುದೂ ಇಲ್ಲಿಯೇ. ಸುಮಾರು ನಾಲ್ಕನೆಯ ಶತಮಾನದಲ್ಲಿ ಕೊರೆದ ಆ ತಗಡುಗಳನ್ನು ಓದಲು ಲಿಪಿಯ ಅರಿವೂ ತಕ್ಕಷ್ಟು ಬೆಳಕೂ ಇದ್ದರೆ ಸಾಕು. ನಡುವೆ ಯಾವ ಯಂತ್ರವೂ ಬೇಕಿಲ್ಲ. ನಮ್ಮ ಕಾಲದ ತಟ್ಟೆಗಳ ಪಾಡು ಹಾಗಲ್ಲ. ಅವುಗಳಲ್ಲಿ ಬರೆದಿಟ್ಟುದನ್ನು ಕಣ್ಣು ಕಾಣದು, ಕಿವಿ ಕೇಳದು. ಓದಿ ಹೇಳುವ ಪೆಟ್ಟಿಗೆಯೊಂದು ಬೇಕು. ಆ ಪೆಟ್ಟಿಗೆ ಕಾಯಿಲೆ ಬಿದ್ದರೆ ತಟ್ಟೆಯೂ ಮೂಕವಾಗುತ್ತದೆ.

ಹಾಡುವ ತಟ್ಟೆಗಳಲ್ಲಿ ಹಿರಿಯದು ಗ್ರಾಮಫೋನಿನದು. ಎಮಿಲ್ ಬರ್ಲಿನರ್ ಎಂಬಾತನು 1887ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಮುಂದೆ ಬಹುಕಾಲ ಆ ತಟ್ಟೆಗಳನ್ನು ಮಾಡಲು ಬಳಸಿದ ಮುಖ್ಯ ಅಂಟು ನಮ್ಮ ದೇಶದಿಂದ ಹೋಗುತ್ತಿದ್ದ ಅರಗು. ಪಾಂಡವರನ್ನು ಸುಡಲು ಮನೆ ಕಟ್ಟಿಸಿದ ಅರಗೇ ಸಂಗೀತಗಾರರ ಕಂಠವನ್ನು ಉಳಿಸಿತೆಂಬುದು ವಿನೋದದ ಸಂಗತಿ. 1902ರಲ್ಲಿ ಕಲ್ಕತ್ತೆಯಲ್ಲಿ ಇಂತಹ ತಟ್ಟೆಗಾಗಿ ಹಾಡಿದ ಗೌಹರ್ ಜಾನ್, ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಹತ್ತು ಅಂಗುಲದ ಒಂದು ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಗ್ರಾಮಫೋನಿನ ರೋಗಗಳೆಲ್ಲ ಕಣ್ಣಿಗೆ ಕಾಣುವಂಥವು: ಮುಳ್ಳು ಮೊಂಡಾದರೆ ಬದಲಿಸಿದರಾಯಿತು, ಕೀಲಿ ಕೊಟ್ಟರೂ ತಿರುಗದಿದ್ದರೆ ಒಳಗಿನ ಸ್ಪ್ರಿಂಗು ಮುರಿದಿದೆಯೆಂದು ತಿಳಿಯಬಹುದಿತ್ತು.

1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸಿ.ಡಿ. ಎಂಬ ತಟ್ಟೆಯ ಬಗೆಯೇ ಬೇರೆ. ಇದರ ವ್ಯಾಸ 12 ಸೆಂಟಿಮೀಟರು, ದಪ್ಪ 1.2 ಮಿಲಿಮೀಟರು. ಇದರೊಳಗೆ ಸುರುಳಿಯಾಗಿ ಸುತ್ತಿಕೊಂಡ ಒಂದೇ ಒಂದು ದಾರಿಯಿದೆ. ಆ ಸುರುಳಿಯನ್ನು ಬಿಚ್ಚಿ ನೆಲದ ಮೇಲೆ ಎಳೆದರೆ ಐದು ಕಿಲೋಮೀಟರಿಗೂ ಮಿಕ್ಕ ಉದ್ದವಾದೀತು! ಪಕ್ಕಪಕ್ಕದ ಎರಡು ಸುತ್ತುಗಳ ನಡುವಿನ ಅಂತರ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ದಾರಿಯುದ್ದಕ್ಕೂ ಸಣ್ಣ ಸಣ್ಣ ಕುಳಿಗಳು. ಇಲ್ಲಿ ಮುಳ್ಳಿನ ಬದಲು ಬೆಳಕಿನ ಕಿರಣವೊಂದು ಕೆಳಗಿನಿಂದ ತಟ್ಟೆಯನ್ನು ಮುಟ್ಟುತ್ತದೆ. ಮರಳಿ ಬರುವ ಬೆಳಕಿನ ಏರಿಳಿತವನ್ನು ಯಂತ್ರವು ಅಂಕಿಗಳಾಗಿ ಎಣಿಸಿ, ಅಂಕಿಗಳನ್ನು ದನಿಯಾಗಿ ಮಾರ್ಪಡಿಸುತ್ತದೆ.

ಗ್ರಾಮಫೋನಿನ ಮುಳ್ಳು ಅಂಚಿನಿಂದ ನಡುವಿಗೆ ನಡೆಯುತ್ತಿತ್ತು, ಸಿ.ಡಿ.ಯ ಕಿರಣ ನಡುವಿನಿಂದ ಅಂಚಿಗೆ ನಡೆಯುತ್ತದೆ. ಆರಂಭದಲ್ಲಿ ತಟ್ಟೆಯು ನಿಮಿಷಕ್ಕೆ ಸುಮಾರು 500 ಸುತ್ತು ತಿರುಗುತ್ತದೆ, ಅಂಚನ್ನು ಮುಟ್ಟುವ ವೇಳೆಗೆ 200 ಸುತ್ತಿಗೆ ಇಳಿಯುತ್ತದೆ. ಕಿರಣವನ್ನು ಒಂದೆಡೆ ಕೂಡಿಸುವ ಮಸೂರವು ಒಂದು ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು. ಅದು ಕೂದಲಿನಂಥ ತಂತಿಗಳ ಮೇಲೆ ತೂಗಾಡುತ್ತ, ತಟ್ಟೆಯ ಅಂಕುಡೊಂಕನ್ನು ಅನುಸರಿಸಿ ಮೇಲೆ ಕೆಳಗೆ, ಅತ್ತ ಇತ್ತ ಆಡುತ್ತಿರುತ್ತದೆ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಮಸೂರಕ್ಕೆ ತಟ್ಟೆ ಸ್ಪಷ್ಟವಾಗಿ ಕಾಣಿಸಿದ ಮೇಲೆಯೇ ಹೆಚ್ಚಿನ ಯಂತ್ರಗಳು ತಟ್ಟೆಯನ್ನು ತಿರುಗಿಸತೊಡಗುತ್ತವೆ. ಆದುದರಿಂದ ತಟ್ಟೆ ತಿರುಗದಿದ್ದರೆ ಮೋಟಾರೇ ಸತ್ತಿದೆಯೆಂದು ತೀರ್ಮಾನಿಸಲಾಗದು. ಯಂತ್ರದ ಕಣ್ಣಿಗೆ ಪೊರೆ ಬಂದಿದ್ದರೂ ಹಾಗಾಗಬಹುದು.

ಈ ವಿಷಯ ನನಗೆ ಮನವರಿಕೆಯಾದುದು ಹಿರೇಹಡಗಲಿಯ ನನ್ನ ಗೆಳೆಯರೊಬ್ಬರ ಮನೆಯಲ್ಲಿ. ಅವರ ತಾಯಿ ಬೀಸುವ ಪದಗಳನ್ನೂ ಸೋಬಾನೆ ಪದಗಳನ್ನೂ ಹಾಡುವುದರಲ್ಲಿ ಹೆಸರಾಗಿದ್ದವರು. ಆಕೆ ಬದುಕಿದ್ದಾಗ ಮಗ ಅವನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದಿದ್ದರು. ಮುಂದೆ ಅವನ್ನೆಲ್ಲ ಐದು ಸಿ.ಡಿ.ಗಳಿಗೆ ಇಳಿಸಿ, ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಹೊರಗೆ ಹಾಕಿದರು. ಸಿ.ಡಿ. ಕೇಳುವುದಕ್ಕೆಂದೇ ಬೆಂಗಳೂರಿನಿಂದ ತರಿಸಿದ ಬೆಲೆಬಾಳುವ ಯಂತ್ರ ಒಂದು ಬೇಸಗೆಯಲ್ಲಿ ಮುಷ್ಕರ ಹೂಡಿತು. ತಾಯಿಯ ತಟ್ಟೆಯನ್ನಿಟ್ಟರೆ ‘ತಟ್ಟೆಯಿಲ್ಲ’ ಎಂಬ ಬರಹ ಮಾತ್ರ ಕಾಣಿಸುತ್ತಿತ್ತು. ದುರಸ್ತಿಯ ಅಂಗಡಿಯವನೊಬ್ಬನು ಮೋಟಾರು ಸುಟ್ಟಿದೆ, ಬಿಡಿಭಾಗ ಸಿಕ್ಕುವುದಿಲ್ಲ, ಗುಜರಿಗೆ ಹಾಕಿರಿ ಎಂದು ಕೈತೊಳೆದುಕೊಂಡಿದ್ದನು.

ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದ ಮೊಮ್ಮಗಳು ರಜೆಗೆ ಬಂದವಳು ಸ್ಕ್ರೂಡ್ರೈವರಿಗೆ ಕೈ ಹಾಕಲಿಲ್ಲ. ಒಂದು ಕಾಗದವನ್ನೂ ಪೆನ್ಸಿಲನ್ನೂ ತೆಗೆದುಕೊಂಡಳು. ಅಂಗಡಿಯಿಂದ ಕೊಂಡ, ಕಾರ್ಖಾನೆಯಲ್ಲಿ ಅಚ್ಚೊತ್ತಿದ ಚಲನಚಿತ್ರಗೀತೆಗಳ ತಟ್ಟೆಯೊಂದನ್ನು ಇಟ್ಟು ನೋಡಿದಳು. ಅದು ತಿರುಗಿತು, ಹಾಡಿತು. ಆದರೆ ಕೊನೆಯ ಹಾಡುಗಳಲ್ಲಿ ಬಿಕ್ಕಳಿಸಿ ನಿಂತಿತು. ಇನ್ನೊಂದು ಅಂತಹ ತಟ್ಟೆಯೂ ಅಂಚಿನ ಬಳಿಯೇ ನಿಂತಿತು. ಮನೆಯಲ್ಲಿ ತುಂಬಿದ ತಟ್ಟೆಗಳು ಮಾತ್ರ ತಿರುಗಲೇ ಇಲ್ಲ.

“ತಾತ, ಮೋಟಾರು ಸುಟ್ಟಿದ್ರ ಆ ತಟ್ಟಿ ಹ್ಯಾಂಗ ತಿರುಗ್ತಿತ್ತು?” ಎಂದಳು.

“ನೀನ ಹೇಳಬೇಕವ್ವ,” ಎಂದರು ತಾತ.

ಅವಳ ತರ್ಕ ಸರಳವಾಗಿತ್ತು. ಒಂದು ತಟ್ಟೆ ಮಾತ್ರ ತೊಡರಿದ್ದರೆ ತಪ್ಪು ತಟ್ಟೆಯದು. ಎಲ್ಲ ತಟ್ಟೆಗಳೂ ಒಂದೇ ಸ್ಥಳದಲ್ಲಿ ತೊಡರಿದರೆ ತಪ್ಪು ಯಂತ್ರದ್ದು. ಮನೆಯಲ್ಲಿ ತುಂಬುವ ತಟ್ಟೆಯಲ್ಲಿ ನಿಜವಾದ ಕುಳಿಗಳಿಲ್ಲ. ಬಣ್ಣದ ಪದರವೊಂದನ್ನು ಕಿರಣದಿಂದ ಸುಟ್ಟು ಗುರುತು ಮಾಡಿರುತ್ತಾರೆ. ಅದು ಮರಳಿಸುವ ಬೆಳಕು ಅಚ್ಚಿನ ತಟ್ಟೆಗಿಂತ ತುಸು ಕಡಿಮೆ. ಮಸೂರಕ್ಕೆ ಧೂಳು ಕವಿದರೆ ಮೊದಲು ಕುರುಡಾಗುವುದು ಇಂತಹ ತಟ್ಟೆಗಳ ವಿಷಯದಲ್ಲಿಯೇ. ಇನ್ನು ಅಂಚಿನ ಬಳಿ ನಿಲ್ಲುವುದಕ್ಕೆ ಕಾರಣ ಬೇರೆ. ಮಸೂರವನ್ನು ಹೊತ್ತ ಬಂಡಿಯು ಒಂದು ಉಕ್ಕಿನ ಕಂಬಿಯ ಮೇಲೆ ಜಾರುತ್ತದೆ. ಕಂಬಿಗೆ ಹಚ್ಚಿದ ಗ್ರೀಸು ವರ್ಷಗಳು ಕಳೆದಂತೆ ಒಣಗಿ ಅಂಟಾದರೆ ಬಂಡಿ ಮುಂದೆ ಸರಿಯಲಾರದು. ಎರೆನೆಲದ ನಮ್ಮ ಸೀಮೆಯಲ್ಲಿ, ಸುಗ್ಗಿಯಲ್ಲಿ ಕಣದ ಹೊಟ್ಟು ಗಾಳಿಗೆ ಹಾರುವ ಮನೆಗಳಲ್ಲಿ, ಈ ಎರಡು ರೋಗಗಳೂ ಒಟ್ಟಿಗೆ ಬಂದುದರಲ್ಲಿ ಆಶ್ಚರ್ಯವೇನಿಲ್ಲ.

ಅವಳು ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕಿತ್ತಳು. ಗುಂಡಿ ಒತ್ತಿ ಆರಿಸಿದರೆ ಸಾಲದು. ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ನಿಂತಿರುತ್ತದೆಂದು ಅರ್ಧ ಗಂಟೆ ಕಾಯಿಸಿದಳು. ಒಳಗಿನ ವಿದ್ಯುತ್ ಭಾಗದ ಹತ್ತಿರ ಬೆರಳೂ ಹಾಕಲಿಲ್ಲ. ಮುಚ್ಚಳದ ತಿರುಪುಗಳನ್ನು ಬಿಚ್ಚಿದಂತೆಲ್ಲ, ಕಾಗದದ ಮೇಲೆ ಯಂತ್ರದ ಚಿತ್ರ ಬರೆದು, ಯಾವ ತೂತಿನದು ಯಾವುದೋ ಆ ಸ್ಥಳದಲ್ಲಿಯೇ ಇಟ್ಟಳು. (ಕೆಲಸ ಮುಗಿದ ಮೇಲೆ ಎರಡು ತಿರುಪು ಉಳಿಯುವ ದುರಸ್ತಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.)

ಮಸೂರದ ಮೇಲಿನ ಸಡಿಲ ಧೂಳನ್ನು ರಬ್ಬರಿನ ಗಾಳಿಬುರುಡೆಯಿಂದ ಊದಿದಳು. ಬಾಯಿಂದ ಊದಿದರೆ ಉಗುಳಿನ ಹನಿ ಬೀಳುತ್ತದೆ. ಹತ್ತಿ ಸುತ್ತಿದ ಕಡ್ಡಿಯ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಒಂದಿಷ್ಟೇ ಸೋಕಿಸಿ, ಹಸುಗೂಸಿನ ಕಣ್ಣು ಒರೆಸುವಂತೆ ಮಸೂರವನ್ನು ಒರೆಸಿದಳು. ಕಂಬಿಯ ಹಳೆಯ ಗ್ರೀಸನ್ನು ಬಟ್ಟೆಯಿಂದ ತೆಗೆಯುವಾಗ ತಾತ ಅಡಿಗೆಮನೆಯಿಂದ ಕೊಬ್ಬರಿಯೆಣ್ಣೆ ತಂದರು. ಹೊಲಿಗೆಯಂತ್ರಕ್ಕೂ ಬಾಗಿಲ ಕೀಲಿಗೂ ಅದನ್ನೇ ಬಿಡುವುದು ನಮ್ಮ ಕಡೆಯ ರೂಢಿ. ಅದು ಕೆಲವು ದಿನಗಳಲ್ಲಿ ಜಿಡ್ಡಾಗಿ ಧೂಳನ್ನು ಕರೆಯುತ್ತದೆಂದು ಹೇಳಿ ಅವಳು ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳುವಾದ ಗ್ರೀಸನ್ನು ಸಾಸಿವೆಯಷ್ಟು ಹಚ್ಚಿದಳು. ತಟ್ಟೆಯ ತಟ್ಟು ಹೊರಬರುವಾಗ ಸ್ವಲ್ಪ ತಡವರಿಸುತ್ತಿತ್ತು. ಅದನ್ನು ಎಳೆಯುವ ರಬ್ಬರ್ ಪಟ್ಟಿ ಇನ್ನೂ ಬಿಗಿಯಾಗಿದ್ದುದರಿಂದ ಒರೆಸಿ ಹಾಗೆಯೇ ಬಿಟ್ಟಳು.

ಮಸೂರದ ಬಳಿ ಸಾಸಿವೆ ಕಾಳಿನಷ್ಟು ತಿರುಪೊಂದಿತ್ತು. ಕಿರಣದ ಬಲವನ್ನು ಹೆಚ್ಚು ಕಡಿಮೆ ಮಾಡುವ ತಿರುಪು ಅದು. ಅದನ್ನು ತಿರುಗಿಸಿದರೆ ಮುದಿ ಯಂತ್ರಗಳೂ ಕೆಲವು ದಿನ ಹುರುಪಿನಿಂದ ಹಾಡುವುದುಂಟು. ಅನಂತರ ಕಿರಣದ ಆಯುಸ್ಸೇ ಬೇಗ ತೀರುತ್ತದೆ. ಅಳತೆಯ ಉಪಕರಣವಿಲ್ಲದೆ ಅದನ್ನು ಮುಟ್ಟುವುದು ದುರಸ್ತಿಯಲ್ಲ, ಜೂಜು. ಅವಳು ಮುಟ್ಟಲಿಲ್ಲ. ಮುಚ್ಚಳ ತೆಗೆದಿಟ್ಟು ಯಂತ್ರವನ್ನು ನಡೆಸಿ ನೋಡುವ ಆತುರವನ್ನೂ ತೋರಲಿಲ್ಲ. ಆ ಕಿರಣ ಬಹುಮಟ್ಟಿಗೆ ಕಣ್ಣಿಗೆ ಕಾಣದ ಜಾತಿಯದು. ಕಾಣದೆ ಇರುವುದರಿಂದಲೇ ಕಣ್ಣು ಮುಚ್ಚಿಕೊಳ್ಳುವ ಎಚ್ಚರವೂ ನಮಗೆ ಹುಟ್ಟುವುದಿಲ್ಲ. ಹದಿನಾಲ್ಕು ಹದಿನೈದರ ವಯಸ್ಸಿನ ನೀವು ಇಂತಹ ಯಂತ್ರವನ್ನು ಬಿಚ್ಚುವುದಾದರೆ ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿರಲೇಬೇಕು.

ಮುಚ್ಚಳ ಕೂಡಿಸಿದ ಮೇಲೆ ಚಲನಚಿತ್ರಗೀತೆಗಳ ತಟ್ಟೆ ಕೊನೆಯ ಹಾಡಿನವರೆಗೆ ನಿಲ್ಲದೆ ನಡೆಯಿತು. ತಾಯಿಯ ಮೊದಲನೆಯ ತಟ್ಟೆಯನ್ನು ಒಳಗೆ ತಳ್ಳಿದಾಗ ಯಾರೂ ಮಾತನಾಡಲಿಲ್ಲ. ಕೆಲವು ಕ್ಷಣ ಕಳೆದು ಮೊದಲು ಬಂದುದು ಹಾಡಲ್ಲ. ಬೀಸುವ ಕಲ್ಲಿನ ಗರಗರ ಸದ್ದು. ಅದರ ಹಿಂದೆಯೇ ಆಕೆಯ ದನಿ. ಗೆಳೆಯರು ಎದ್ದು ಹೋಗಿ ಬಾಗಿಲ ಹೊಸ್ತಿಲ ಮೇಲೆ ಕುಳಿತರು.

ಐದರಲ್ಲಿ ನಾಲ್ಕು ತಟ್ಟೆಗಳು ಹಾಡಿದವು. ಐದನೆಯದು ಹಾಡಲಿಲ್ಲ. ಮೊಮ್ಮಗಳು ಅದನ್ನು ನೀರಿನಲ್ಲಿ ಅದ್ದಿದ ಮೆದು ಬಟ್ಟೆಯಿಂದ, ಸುತ್ತಲೂ ಅಲ್ಲ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದಳು. ಅಡ್ಡ ಗೀರುಗಳನ್ನು ಯಂತ್ರವು ತನ್ನ ಲೆಕ್ಕಾಚಾರದಿಂದ ದಾಟಬಲ್ಲದು, ದಾರಿಯುದ್ದಕ್ಕೆ ಬಿದ್ದ ಗೀರನ್ನು ದಾಟಲಾರದು. ಅದಕ್ಕಾಗಿ ಈ ಕ್ರಮ. ಆದರೂ ‘ತಟ್ಟೆಯಿಲ್ಲ’ ಎಂದೇ ಬಂತು. ಅದು ಬಹುಕಾಲ ಕಿಟಕಿಯ ಬಳಿ ಬಿಸಿಲಿಗೆ ಬಿದ್ದಿತ್ತಂತೆ. ಬಣ್ಣದ ಪದರ ಬಿಸಿಲಿಗೆ ಮಾಸಿದರೆ ಗುರುತುಗಳೂ ಮಾಸುತ್ತವೆ; ಯಾವ ಯಂತ್ರದ ದುರಸ್ತಿಯೂ ಅವನ್ನು ಮರಳಿ ತರಲಾರದು. ಸೋಬಾನೆ ಪದಗಳು ಹೆಚ್ಚಾಗಿ ಇದ್ದುದು ಅದರಲ್ಲಿಯೇ.

ಅಂದು ರಾತ್ರಿ ಅವಳು ಉಳಿದ ನಾಲ್ಕು ತಟ್ಟೆಗಳನ್ನು ತನ್ನ ಕಂಪ್ಯೂಟರಿಗೆ ನಕಲು ಮಾಡಿ, ಇನ್ನೊಂದು ಪ್ರತಿಯನ್ನು ಹೊಸಪೇಟೆಯಲ್ಲಿದ್ದ ಚಿಕ್ಕಪ್ಪನಿಗೆ ಕಳುಹಿಸಿದಳು. ಮರುದಿನ ತಾತ ಓಣಿಯ ಇಬ್ಬರು ಮುದುಕಿಯರನ್ನು ಮನೆಗೆ ಕರೆಸಿದರು. ಅವರಿಬ್ಬರೂ ತಾಯಿಯ ಜೊತೆ ಹಸೆಗೆ ಕುಳಿತು ಹಾಡಿದವರು. ಐದನೆಯ ತಟ್ಟೆಯಲ್ಲಿ ಇದ್ದುವೆಂದು ನೆನಪಿಗೆ ಬಂದ ಪದಗಳನ್ನು ಅವರು ಒಂದೊಂದಾಗಿ ಹೇಳುತ್ತ ಹೋದರು. ಮೊಮ್ಮಗಳು ಬರೆದುಕೊಳ್ಳುತ್ತ ಹೋದಳು.