ಅಜ್ಜಿಯ ‘ತೆಲಿ ತಿರಗೂದು’ ಮತ್ತು ಮೊಮ್ಮಗಳ ಆಸ್ಪತ್ರೆ ಇಂಗ್ಲಿಷ್



ಪುಣೆಯಲ್ಲಿ ನೆಲೆಸಿದ ನಮ್ಮ ಎಷ್ಟೋ ಮನೆಗಳ ಮಕ್ಕಳು ಈಗ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಎಂಬಿಬಿಎಸ್ ಓದುತ್ತಿದ್ದಾರೆ. "ಅಮ್ಮಾ, ಪಾಠ ಅರ್ಥ ಆಗುತ್ತೆ, ಇಂಗ್ಲಿಷಿನಲ್ಲಿ ಹೇಳೋಕೆ ಬಾಯೇ ಬರಲ್ಲ" ಎನ್ನುವ ದೂರು ನಿಮ್ಮ ಕಿವಿಗೂ ಬಿದ್ದಿರಬಹುದು. ನಾವು ತಕ್ಷಣ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುತ್ತೇವೆ. ಅಲ್ಲಿ ಕಲಿಸುವುದು ಇಂಟರ್‌ವ್ಯೂಗೆ ಬೇಕಾದ ಇಂಗ್ಲಿಷ್. ಆಸ್ಪತ್ರೆಗೆ ಬೇಕಾದದ್ದು ಬೇರೆ. ಹೇಗೆ ಬೇರೆ ಎಂದು ಒಂದು ಉದಾಹರಣೆಯಿಂದ ನೋಡೋಣ.

ವಿಜಯಪುರದ ಅಜ್ಜಿಯೊಬ್ಬರು ಮಗನ ಮನೆಗೆಂದು ಪುಣೆಗೆ ಬಂದಿದ್ದಾರೆ ಎಂದುಕೊಳ್ಳಿ. "ತೆಲಿ ತಿರಗತೈತಿ" ಅನ್ನುತ್ತಾರೆ. ಮಗ ಡಾಕ್ಟರಿಗೆ ಮರಾಠಿಯಲ್ಲಿ "ಚಕ್ಕರ್ ಯೇತೆ" ಅನ್ನುತ್ತಾನೆ. ಕೇಸ್ ಪೇಪರಿನಲ್ಲಿ ಅದು ಇಂಗ್ಲಿಷಿನ "ಗಿಡ್ಡಿನೆಸ್" ಆಗುತ್ತದೆ. ಮೂರು ಭಾಷೆ ದಾಟುವಷ್ಟರಲ್ಲಿ ಅಜ್ಜಿಗೆ ನಿಜವಾಗಿ ಆಗುತ್ತಿದ್ದದ್ದು ಏನು ಎಂಬುದೇ ಕಳೆದುಹೋಯಿತು. ಕೋಣೆಯೇ ಗರಗರ ತಿರುಗಿದಂತಾದರೆ ಅದು ವರ್ಟಿಗೊ, ಹೆಚ್ಚಾಗಿ ಒಳಕಿವಿಯ ತೊಂದರೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ರಕ್ತದೊತ್ತಡ ಕುಸಿಯುತ್ತಿರಬಹುದು. ಪ್ರಜ್ಞೆಯೇ ತಪ್ಪಿ ಬಿದ್ದರೆ ಅದು ಸಿಂಕೊಪಿ, ಆಗ ಹೃದಯವನ್ನೂ ಪರೀಕ್ಷಿಸಬೇಕು. ಕನ್ನಡದಲ್ಲಿ ಮೂರಕ್ಕೂ "ತಲೆಸುತ್ತು" ಅಂದುಬಿಡುತ್ತೇವೆ, ಚಿಕಿತ್ಸೆ ಮಾತ್ರ ಮೂರಕ್ಕೂ ಬೇರೆ ಬೇರೆ.

ಈಗ ಆ ವಾರ್ಡಿನಲ್ಲಿ ಕನ್ನಡ ಬಲ್ಲ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಇದ್ದಾಳೆ. "ಅಜ್ಜಿ, ಮನಿ ತಿರಗಿದಂಗ ಆಕೈತೇನು, ಇಲ್ಲಾ ಏಳೂವಾಗ ಕಣ್ಣಿಗೆ ಕತ್ತಲಿ ಬರ್ತೈತೇನು?" "ಏಳೂವಾಗಬೇ." ಇಷ್ಟು ಸಾಕು. ಮಲಗಿಸಿ ಬಿಪಿ ನೋಡುತ್ತಾಳೆ: 140/80. ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡುತ್ತಾಳೆ: 112/70. ನಿಂತಾಗ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಅದಕ್ಕೆ ಪೋಶ್ಚರಲ್ ಹೈಪೊಟೆನ್ಷನ್ ಎಂದು ಹೆಸರು. ಫಾರ್ಮಸಿಸ್ಟ್ ಅಜ್ಜಿಯ ಚೀಲದ ಮಾತ್ರೆಗಳನ್ನು ಹೊರತೆಗೆದು ನೋಡಿದರೆ ಎರಡು ಕಂಪನಿಯ ಎರಡು ಸ್ಟ್ರಿಪ್, ಒಳಗಿರುವುದು ಒಂದೇ ಔಷಧ: ಅಮ್ಲೋಡಿಪಿನ್ 5 ಮಿ.ಗ್ರಾಂ. ಒಂದು ಊರಿನ ಡಾಕ್ಟರು ಕೊಟ್ಟದ್ದು, ಇನ್ನೊಂದು ಪುಣೆಯಲ್ಲಿ ಬರೆದದ್ದು. ಅಜ್ಜಿ ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದಾರೆ! ಪಾದ ಊದಿದ್ದಕ್ಕೂ ಅದೇ ಕಾರಣ ಇರಬಹುದು. ಫಿಸಿಯೋಥೆರಪಿಸ್ಟ್ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಪಾದ ಆಡಿಸಿ, ಆಮೇಲೆ ಏಳುವುದನ್ನು ಕಲಿಸುತ್ತಾರೆ. ಡೋಸ್ ಎಷ್ಟಿರಬೇಕೆಂದು ಡಾಕ್ಟರು ತೀರ್ಮಾನಿಸುತ್ತಾರೆ. (ನೀವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ, ಅನುಮಾನ ಬಂದರೆ ಎರಡೂ ಸ್ಟ್ರಿಪ್ ಹಿಡಿದು ಡಾಕ್ಟರ ಬಳಿಗೇ ಹೋಗಿ.)

ಈ ನಾಲ್ವರಲ್ಲಿ ಯಾರ ಬಳಿಯೂ ಪೂರ್ತಿ ವಿಷಯ ಇರಲಿಲ್ಲ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿ, ಬೇರೆ ಬೇರೆ ಆರೋಗ್ಯ ಕೋರ್ಸುಗಳ ವಿದ್ಯಾರ್ಥಿಗಳು ಓದುವ ಕಾಲದಲ್ಲೇ ಒಟ್ಟಿಗೆ ಕೂತು ಒಬ್ಬರಿಂದೊಬ್ಬರು ಕಲಿಯಬೇಕು ಎಂದಿತು. ನಮ್ಮಲ್ಲಿ 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ಆರಂಭದಲ್ಲೇ ಫೌಂಡೇಶನ್ ಕೋರ್ಸ್ ಬಂತು. ಅದರಲ್ಲಿ ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಗೂ ಜಾಗವಿದೆ. ಪುಣೆಯಲ್ಲಿ ಸ್ಥಳೀಯ ಎಂದರೆ ಮರಾಠಿ. ಬೆಂಗಳೂರಿನ ಹುಡುಗ ಬಿ.ಜೆ. ಮೆಡಿಕಲ್ ಕಾಲೇಜಿಗೆ ಸೇರಿದರೆ, ಸಸೂನ್ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿ "ತಾಪ" ಎಂದಾಗ ಅದು ಬಿಸಿಲ ತಾಪವಲ್ಲ, ಜ್ವರ ಎಂದು ತಿಳಿದಿರಬೇಕು.

ಹಾಗಾದರೆ ಇಂಗ್ಲಿಷ್ ಎಲ್ಲಿ ಬೇಕು? ರೋಗಿಯ ಜೊತೆಗಲ್ಲ, ಸಹೋದ್ಯೋಗಿಗಳ ಜೊತೆ. ರಾತ್ರಿ ಎರಡು ಗಂಟೆಗೆ ನರ್ಸ್ ಡಾಕ್ಟರಿಗೆ ಫೋನ್ ಮಾಡಿದಾಗ ಬೇಕಾದದ್ದು ನಾಲ್ಕು ಚಿಕ್ಕ ವಾಕ್ಯ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನು ಅನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು. ಇದನ್ನು ಎಸ್‌ಬಾರ್ ಎನ್ನುತ್ತಾರೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿದ ಪದ್ಧತಿ, ಅಲ್ಲಿಂದ ಆಸ್ಪತ್ರೆಗೆ ಬಂತು. ವ್ಯಾಕರಣ ಸ್ವಲ್ಪ ತಪ್ಪಿದರೆ ಏನೂ ಆಗುವುದಿಲ್ಲ. ಸಂಖ್ಯೆ ತಪ್ಪಿದರೆ ಆಗುತ್ತದೆ. ಫೋನಿನಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ ಒಂದೇ ಥರ ಕೇಳಿಸುತ್ತವೆ, ಅದಕ್ಕೇ "ಒನ್ ಫೈವ್" ಎಂದು ಬಿಡಿಸಿ ಹೇಳಬೇಕು. ಕೇಳಿದವರು ಅದನ್ನೇ ತಿರುಗಿ ಹೇಳಬೇಕು.

ನನ್ನ ಅನುಭವದಲ್ಲಿ ನಮ್ಮ ಮಕ್ಕಳಿಗೆ ಕಷ್ಟವಾಗುವುದು ನಾಲ್ಕನೆಯ ವಾಕ್ಯ. "ಸರ್, ನೀವು ಈಗಲೇ ಬಂದು ನೋಡಬೇಕು" ಎಂದು ಹಿರಿಯರಿಗೆ ನೇರವಾಗಿ ಹೇಳುವುದು ಉದ್ಧಟತನ ಎಂದೇ ನಾವು ಬೆಳೆಸಿದ್ದೇವಲ್ಲ! ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟಿನಲ್ಲಿ, ಕತ್ತರಿ ಹಾಕುವ ಮೊದಲು ತಂಡದ ಎಲ್ಲರೂ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು ಎಂಬ ನಿಯಮವಿದೆ. ಒಮ್ಮೆ ಬಾಯಿ ತೆರೆದವರಿಗೆ ಆಮೇಲೆ ತಪ್ಪು ಕಂಡಾಗ ಮಾತಾಡುವುದು ಸುಲಭ. ಹೊಸದಿಲ್ಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಚೆಕ್‌ಲಿಸ್ಟ್ ಬಳಸಿ ನೋಡಿದಾಗ, ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು.

ಇನ್ನು ಮನೆಯವರು ತಪ್ಪು ತಿಳಿಯುವ ಕೆಲವು ಪದಗಳು. "ಕ್ರಾನಿಕ್" ಎಂದರೆ ಭಯಂಕರ ಅಂತಲ್ಲ, ಬಹಳ ದಿನದ್ದು ಅಂತ. "ಅಕ್ಯೂಟ್" ಎಂದರೆ ಇದ್ದಕ್ಕಿದ್ದಂತೆ ಶುರುವಾದದ್ದು. ಐಸಿಯು ಹೊರಗೆ "ಸ್ಟೇಬಲ್" ಎಂದು ಕೇಳಿದ ಕೂಡಲೇ ಊರಿಗೆಲ್ಲ ಫೋನ್ ಮಾಡಿ ಗುಣವಾಯಿತು ಎನ್ನಬೇಡಿ, ಸದ್ಯಕ್ಕೆ ಏರುಪೇರಿಲ್ಲ ಎಂದಷ್ಟೇ ಅದರ ಅರ್ಥ.

ಈ ಭಾನುವಾರ ಹೀಗೆ ಮಾಡಿ. ಮನೆಯ ಹಿರಿಯರ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಬ್ರ್ಯಾಂಡ್ ಹೆಸರಿನ ಹತ್ತಿರವಿರುವ ಔಷಧದ ಹೆಸರನ್ನು ಓದುತ್ತಿರುವ ಮಗಳ ಕೈಯಲ್ಲೇ ಬರೆಸಿ. ಆಮೇಲೆ ಅಜ್ಜಿಯ ತೊಂದರೆಯನ್ನು ಅಜ್ಜಿಯ ಮಾತಿನಲ್ಲೇ ಕೇಳಿಸಿಕೊಂಡು, ಅಪ್ಪನನ್ನೇ ಡಾಕ್ಟರ್ ಎಂದುಕೊಂಡು, ನಾಲ್ಕು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಹೇಳಲಿ. ಅಪ್ಪನಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ, ಸಂಖ್ಯೆಗಳನ್ನು ತಿರುಗಿ ಹೇಳಿದರೆ ಸಾಕು.