ಬೆರಳ ತುದಿಯ ಅಂಕಿಯೂ ಊರಿನ ದೂರವೂ

ದೇಹದ ವ್ಯಾಪಾರಗಳಲ್ಲಿ ಉಸಿರಾಟದಷ್ಟು ನಿರಂತರವಾದುದೂ, ಅದರಷ್ಟು ನಮ್ಮ ಅಲಕ್ಷ್ಯಕ್ಕೆ ಪಾತ್ರವಾದುದೂ ಬೇರೊಂದಿಲ್ಲ. ಜ್ವರ ಬಂದರೆ ಮೈ ಮುಟ್ಟಿ ತಿಳಿಯಬಹುದು. ರಕ್ತದಲ್ಲಿ ಆಮ್ಲಜನಕವು ಕುಗ್ಗುತ್ತಿರುವುದನ್ನಾದರೋ, ತುಟಿ ನೀಲಿಗಟ್ಟುವ ತನಕ, ಪಕ್ಕದಲ್ಲಿಯೇ ಕುಳಿತವರೂ ಅರಿಯದೆ ಹೋಗುವ ಸಂಭವವುಂಟು. ಈ ಅಗೋಚರವಾದ ಇಳಿತವನ್ನು ಅಂಕಿಯಾಗಿ ತೋರುವ ಪಲ್ಸ್ ಆಕ್ಸಿಮೀಟರು ನಮ್ಮ ಭಾಗದ ಮನೆಗಳನ್ನು ಹೊಕ್ಕುದು ಕೋವಿಡ್ಡಿನ ಕಾಲದಲ್ಲಿ. ದೇಶದ ಮೊದಲ ಕೋವಿಡ್ ಮರಣವು 2020ರ ಮಾರ್ಚಿನಲ್ಲಿ ಕಲಬುರಗಿಯ ಹಿರಿಯರೊಬ್ಬರದೇ ಆಗಿದ್ದುದರಿಂದ ಭೀತಿಯು ನಮ್ಮಲ್ಲಿ ಉಳಿದೆಡೆಗಿಂತ ಮೊದಲೇ ನೆಲೆಯೂರಿತ್ತು. ಮರುವರ್ಷದ ಬೇಸಗೆಯಲ್ಲಿ ಎರಡನೆಯ ಅಲೆ ಬಂದಾಗ ನಾನೊಂದು ಯಂತ್ರವನ್ನು ನಗರದ ನಮ್ಮ ಮನೆಯಲ್ಲಿರಿಸಿಕೊಂಡು, ಇನ್ನೊಂದನ್ನು ಕಮಲಾಪುರದಲ್ಲಿ ಕೆಂಬಾಳೆಯ ತೋಟ ನೋಡಿಕೊಂಡಿದ್ದ ಕಾಕಾನ ಮನೆಗೆ ಕಳುಹಿಸಿದೆನು.

ಯಂತ್ರದ ಮೂಲತತ್ತ್ವವು ಸರಳವಾದರೂ ಸ್ವಾರಸ್ಯವಾದುದು. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ನು ಒಂದು ಬಗೆಯಲ್ಲಿಯೂ, ಹೊರದಿರುವುದು ಇನ್ನೊಂದು ಬಗೆಯಲ್ಲಿಯೂ ಬೆಳಕನ್ನು ಹೀರುವುದರಿಂದ, ಕೆಂಪು ಹಾಗೂ ಅವಗೆಂಪು ಕಿರಣಗಳನ್ನು ಬೆರಳ ಮೂಲಕ ಹಾಯಿಸಿ, ಆಚೆಗೆ ಉಳಿದುಬಂದುದನ್ನು ಅಳೆದರೆ ನೂರರಲ್ಲಿ ಎಷ್ಟು ಪಾಲು ಹಿಮೋಗ್ಲೋಬಿನ್ನು ಆಮ್ಲಜನಕವನ್ನು ಹೊತ್ತಿದೆಯೆಂಬುದು ಗೊತ್ತಾಗುತ್ತದೆ. ಜಪಾನಿನ ಇಂಜಿನಿಯರ್ ಟಕುವೊ ಅಓಯಾಗಿಯವರು 1970ರ ದಶಕದ ಆರಂಭದಲ್ಲಿ ಹೃದಯವು ಹೊರದೂಡುವ ರಕ್ತದ ಪ್ರಮಾಣವನ್ನು ಬೆಳಕಿನಿಂದ ಅಳೆಯಲು ಯತ್ನಿಸುತ್ತಿದ್ದಾಗ, ನಾಡಿಯ ಮಿಡಿತವು ತಮ್ಮ ಅಳತೆಯನ್ನು ಕೆಡಿಸುತ್ತಿದ್ದುದನ್ನು ಕಂಡು, ಆ ಅಡಚಣೆಯನ್ನೇ ಆಧಾರವಾಗಿಟ್ಟುಕೊಂಡು ಈ ವಿಧಾನವನ್ನು ರೂಪಿಸಿದರು. ಜಗತ್ತೆಲ್ಲ ಆ ಯಂತ್ರಕ್ಕಾಗಿ ಅಂಗಡಿ ಅಂಗಡಿ ಅಲೆಯುತ್ತಿದ್ದ 2020ರ ಏಪ್ರಿಲಿನಲ್ಲಿಯೇ ಅವರು ತೀರಿಕೊಂಡರು.

ತತ್ತ್ವವು ಸರಳವೆಂದ ಮಾತ್ರಕ್ಕೆ ಓದುವುದೂ ಸರಳವೆಂದು ತಿಳಿಯಲಾಗದು. ಒಂದು ಮಧ್ಯಾಹ್ನ ಕಮಲಾಪುರದಿಂದ ಕಾಕಾನ ಸೊಸೆ ಗಾಬರಿಯಿಂದ ಫೋನು ಮಾಡಿ, “ಭಾವಾರ, ಮಾವಾರದು ಎಂಬತ್ತಾರು ತೋರಸ್ಲಾಕತ್ತದ್ರಿ” ಎಂದಳು. ಹಿಂದಿನಿಂದ ಕಾಕಾ, “ಏ ತಮ್ಮಾ, ನನಗೇನೂ ಆಗಿಲ್ಲ, ಹೊಲಕ್ಕ ಹೋಗಿ ಈಗರೆ ಬಂದೀನಿ, ಊಟ ಆಗ್ಯದ” ಎಂದು ಎಲ್ಲಿಯೂ ತಡೆಯದೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟನು. ಅಷ್ಟು ಆಮ್ಲಜನಕ ಇಳಿದಿರುವ ಮನುಷ್ಯನು ಅಷ್ಟು ಉದ್ದದ ಮಾತನ್ನು ಅಷ್ಟು ನಿರಾಯಾಸವಾಗಿ ಆಡುವುದು ಅಪರೂಪವೆನಿಸಿ, ಯಂತ್ರವನ್ನು ತಿರುಗಿಸಿ ಹಿಡಿದು ಮತ್ತೊಮ್ಮೆ ಓದೆಂದು ಹೇಳಿದೆನು. ಅಂಕಿಯು ತೊಂಬತ್ತೆಂಟು! ಆ ಯಂತ್ರದ ಅಂಕಿಗಳಲ್ಲಿ 98ನ್ನು ತಲೆಕೆಳಗಾಗಿ ನೋಡಿದರೆ 86 ಆಗುತ್ತದೆ. ಇದರ ವಿಪರ್ಯಾಸವು ಇನ್ನೂ ಭಯಂಕರವಾದುದು. ನಿಜವಾಗಿ 86 ಇರುವ ರೋಗಿಯನ್ನು 98 ಎಂದು ಓದಿ ನಿಶ್ಚಿಂತರಾಗಿ ಮಲಗುವವರೂ ಇರಬಹುದು. ಅಂದಿನಿಂದ ಶೇಕಡಾ ಚಿಹ್ನೆಯು ಯಾವ ಪಕ್ಕದಲ್ಲಿದೆಯೆಂದು ನೋಡಿ, ನಾಡಿಯ ಅಂಕಿಯನ್ನು ಬೇರೆಯಾಗಿ ಹೇಳುವುದು ನಮ್ಮ ಮನೆಯ ನಿಯಮವಾಯಿತು.

ಅಳತೆಯ ಶಿಸ್ತೂ ಅನುಭವದಿಂದಲೇ ಬಂದಿತು. ಐದು ನಿಮಿಷ ಸುಮ್ಮನೆ ಕುಳಿತು, ಕೈಯನ್ನು ಎದೆಯ ಮಟ್ಟದಲ್ಲಿ ಅಲುಗದಂತಿರಿಸಿ, ಅಂಕಿಯು ಒಂದೆಡೆ ನಿಲ್ಲುವ ತನಕ ಕಾಯಬೇಕು. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗಾಗಿಸಬೇಕು; ಉಗುರಿನ ಬಣ್ಣವನ್ನು ತೆಗೆಯಬೇಕು; ಮದರಂಗಿ ಹಚ್ಚದ ಬೆರಳು ಸಿಕ್ಕರೆ ಲೇಸು. ಕಪ್ಪು ತ್ವಚೆಯವರಲ್ಲಿ ಯಂತ್ರವು ನಿಜಕ್ಕಿಂತ ಹೆಚ್ಚಿನ ಅಂಕಿ ತೋರುವುದುಂಟೆಂದು 2020ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಬಿಸಿಲಿನಲ್ಲಿ ದುಡಿಯುವ ನಮ್ಮ ಜನರು ಇದನ್ನು ಮರೆಯಲಾಗದು. ಎರಡು ಮೂರು ಅಂಕಿಗಳ ಹೆಚ್ಚುಕಡಿಮೆ ಯಂತ್ರದ ಸ್ವಭಾವವೇ ಆದುದರಿಂದ, ಒಂದು ಸಲದ ಅಂಕಿಗಿಂತ ವೇಳೆಯೊಡನೆ ಬರೆದಿಟ್ಟ ಅಂಕಿಗಳ ಸಾಲು ಹೆಚ್ಚು ನಂಬತಕ್ಕದ್ದು.

ಆ ಸಾಲಿನ ಬೆಲೆಯನ್ನು ನಮಗೆ ತಿಳಿಸಿದವಳು ಕಾಕಾನ ಹೆಂಡತಿ, ನಮ್ಮ ಕಾಕು. ಹಲವು ದಶಕ ಕಟ್ಟಿಗೆಯ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿದ ಆಕೆಗೆ ದಮ್ಮಿನ ಬೇನೆಯಿತ್ತು. ಆರಾಮಾಗಿದ್ದಾಗಲೂ ಆಕೆಯ ಅಂಕಿಯು 91–92ರ ಸುತ್ತಮುತ್ತಲೇ ಇರುತ್ತಿತ್ತು. ಇತರರಿಗೆ 94ರ ಕೆಳಗಿಳಿದರೆ ವೈದ್ಯರಿಗೆ ತಿಳಿಸಬೇಕೆಂದಿದ್ದ ಆ ದಿನಗಳಲ್ಲಿ ಆಕೆಯನ್ನು ಅದೇ ಅಳತೆಗೋಲಿನಿಂದ ಅಳೆದಿದ್ದರೆ ದಿನವೂ ಆಸ್ಪತ್ರೆಗೆ ಓಡಬೇಕಾಗುತ್ತಿತ್ತು. ಇಂಥವರಿಗೆ ಸಾಮಾನ್ಯವಾಗಿ 88ರಿಂದ 92ರ ನಡುವೆ ಸಾಕೆಂದೂ, ಆಮ್ಲಜನಕವನ್ನು ಮಿತಿಮೀರಿ ಕೊಟ್ಟರೆ ಅಪಾಯವೆಂದೂ ವೈದ್ಯರು ಮೊದಲೇ ಹೇಳಿದ್ದರು. ಕಾಕುವಿಗೆ ಜ್ವರ ಬಂದಾಗ ಸೊಸೆಯು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟ ಅಂಕಿಗಳು ಮುಂಜಾನೆಯಿಂದ ಒಂದೊಂದಾಗಿ ಇಳಿದು, ಮಧ್ಯಾಹ್ನಕ್ಕೆ 88ಕ್ಕೆ ಬಂದವು. ಬಚ್ಚಲಿಗೆ ಹೋಗಿಬಂದರೆ ಇನ್ನಷ್ಟು ತಗ್ಗುತ್ತಿದ್ದವು.

ನಗರದಲ್ಲಿರುವವನಿಗೆ 88 ಎಂದರೆ ಆಸ್ಪತ್ರೆಯು ಕೆಲವು ನಿಮಿಷಗಳ ದಾರಿ. ಕಮಲಾಪುರದವನಿಗೆ ಹುಮನಾಬಾದ್ ರಸ್ತೆಯಲ್ಲಿ ಸುಮಾರು ಒಂದು ತಾಸಿನ ಪ್ರಯಾಣ, ಅದಕ್ಕೂ ಮೊದಲು ವಾಹನದ ಹುಡುಕಾಟ, ಅದಕ್ಕೂ ಮೊದಲು ಹಾಸಿಗೆ ಖಾಲಿಯಿದೆಯೇ ಎಂಬ ವಿಚಾರಣೆ. ಸುಮಾರು 90ರ ಕೆಳಗೆ ಆಮ್ಲಜನಕದ ಕುಸಿತವು ಇಳಿಜಾರಿನಂತೆ ವೇಗ ಪಡೆಯುವುದರಿಂದ, ಆ ಒಂದೆರಡು ತಾಸುಗಳು ನಗರದ ಲೆಕ್ಕಕ್ಕೆ ಸಿಗುವಂಥವಲ್ಲ. ಸಾಲು ಇಳಿಯತೊಡಗಿದೊಡನೆಯೇ ನಾವು ಫೋನು ಮಾಡತೊಡಗಿದ್ದುದರಿಂದ, ಸಂಜೆಯಾಗುವುದರೊಳಗೆ ಕಾಕು ಆಸ್ಪತ್ರೆಯ ಹಾಸಿಗೆ ಸೇರಿದಳು. “ಎಂದಿನ ಅಂಕಿ ಎಷ್ಟು?” ಎಂದು ಡಾಕ್ಟರು ಕೇಳಿದಾಗ ಸೊಸೆಯು ಆ ಹಾಳೆಯನ್ನು ಅವರ ಮುಂದೆ ಚಾಚಿದಳು. ಕೆಲವು ದಿನಗಳ ತರುವಾಯ ಕಾಕು ಮನೆಗೆ ಮರಳಿದಳು.

ಯಂತ್ರಕ್ಕೆ ಮಿತಿಗಳೂ ಉಂಟು. ರಕ್ತಹೀನತೆಯುಳ್ಳವರಲ್ಲಿ ಅಂಕಿಯು ಚೆನ್ನಾಗಿದ್ದೂ ದೇಹಕ್ಕೆ ತಲಪುವ ಆಮ್ಲಜನಕ ಕಡಿಮೆಯಿರಬಹುದು. ಹೊಗೆ ತುಂಬಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡು ರಕ್ತವನ್ನು ಸೇರಿದಾಗ ಯಂತ್ರವು ಅದನ್ನೂ ಆಮ್ಲಜನಕವೆಂದೇ ಎಣಿಸಬಹುದು. ಮಾತಿನ ನಡುವೆ ಏದುಸಿರು, ಗೊಂದಲ, ಎದೆನೋವು ಕಂಡರೆ ಅಂಕಿ ಏನೇ ಇರಲಿ, ಹೊರಡತಕ್ಕದ್ದು.

ದೂರದ ಊರಿನಲ್ಲಿ ಹಿರಿಯರನ್ನಿರಿಸಿಕೊಂಡವರಿಗೆ ನನ್ನದೊಂದು ವಿನಂತಿ. ಯಂತ್ರವನ್ನು ಕೊಟ್ಟ ದಿನವೇ, ಅವರು ಆರೋಗ್ಯದಿಂದಿರುವಾಗಿನ ಅಂಕಿಯನ್ನು ಬರೆದಿಡಿರಿ. ಯಾವ ಅಂಕಿಗೆ ಡಾಕ್ಟರಿಗೆ ತಿಳಿಸಬೇಕು, ಯಾವ ಅಂಕಿಗೆ ಯಾರ ಗಾಡಿಯಲ್ಲಿ ಹೊರಡಬೇಕು ಎಂಬುದನ್ನು ಡಾಕ್ಟರನ್ನು ಕೇಳಿಕೊಂಡು, ದಾರಿಯ ದೂರವನ್ನೂ ಲೆಕ್ಕಕ್ಕೆ ಹಿಡಿದು, ಆಗಲೇ ನಿಶ್ಚಯಿಸಿರಿ. ಅಂಥ ನಿಶ್ಚಯವಿಲ್ಲದ ಮನೆಯಲ್ಲಿ ಆ ಅಂಕಿಯು ಗಾಬರಿಯನ್ನು ಹುಟ್ಟಿಸೀತೇ ಹೊರತು ದಾರಿಯನ್ನು ತೋರಲಾರದು.